ಅವಳಿ ಕೂಸುಗಳ ಹಾಸಿಗೆ: ತೊಟ್ಟಿಲಿಗೂ ಮೊದಲು ನೋಡಬೇಕಾದ್ದು

ಹೊಟ್ಟೆಯಲ್ಲಿ ಎರಡಿವೆ ಎಂದು ಸ್ಕ್ಯಾನಿಂಗ್‌ನಲ್ಲಿ ಗೊತ್ತಾದ ದಿನದಿಂದಲೇ ಮನೆಯಲ್ಲಿ ಚರ್ಚೆ ಶುರು: ತೊಟ್ಟಿಲು ಒಂದು ಸಾಕೋ, ಎರಡು ಬೇಕೋ? ತೊಟ್ಟಿಲಿನ ಮಾತು ಆಮೇಲೆ. ಮೊದಲು ಬಾಣಂತಿ ಮಲಗುವ ಮಂಚ ನೋಡಿ. ಹಸುಗೂಸು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುತ್ತದೆ. ಎರಡು ಕೂಸಿಗೆ ಕಡಿಮೆಯೆಂದರೂ 16 ಸಲ, ಅದರಲ್ಲಿ ಆರೇಳು ಸಲ ರಾತ್ರಿಯ ಪಾಲಿಗೆ. ಅವಳಿಗಳ ಹೆರಿಗೆ ಸಿಸೇರಿಯನ್ ಆಗುವುದೂ ಬಹಳ. ಹೊಲಿಗೆ ಇನ್ನೂ ಹಸಿಯಾಗಿರುವ ಹೆಣ್ಣುಮಗಳು ನಡುರಾತ್ರಿ ಬಗ್ಗಿ, ತಿರುಗಿ, ಕೋಣೆಯ ಆ ಮೂಲೆಗೆ ಹೋಗಿ ಕೂಸನ್ನು ಎತ್ತಿಕೊಂಡು ಬರಬೇಕಾದರೆ ಅದು ಎಷ್ಟು ಚಂದದ ತೊಟ್ಟಿಲಾದರೂ ಪ್ರಯೋಜನವಿಲ್ಲ. ಮೂರನೇ ರಾತ್ರಿಯ ಹೊತ್ತಿಗೆ ಎರಡೂ ಕೂಸು ಅಮ್ಮನ ಮಗ್ಗುಲಿಗೇ ಬಂದಿರುತ್ತವೆ, ಅಮ್ಮನಿಗೆ ಕಣ್ಣು ತೂಗುತ್ತಿರುತ್ತದೆ. ಅಪಾಯ ಶುರುವಾಗುವುದು ಆ ಹೊತ್ತಿನಲ್ಲಿ.

ಆದ್ದರಿಂದ ಒಂದೇ ಮಾತಿನಲ್ಲಿ ಹೇಳುವುದಾದರೆ, ಅಮ್ಮನ ಕೋಣೆಯಲ್ಲೇ, ಅಮ್ಮನ ಕೈಗೆಟಕುವಷ್ಟು ಹತ್ತಿರ, ಎರಡು ಬೇರೆ ಬೇರೆ ಸಮತಟ್ಟಾದ ಗಟ್ಟಿ ಹಾಸಿಗೆ. ಕನಿಷ್ಠ ಆರು ತಿಂಗಳು ಹೀಗೇ ಇರಲಿ.

ಎಲ್ಲರೂ ಎಡವುವುದು ಜಾಗದ ಲೆಕ್ಕದಲ್ಲಿ. ಅಂಗಡಿಯ ದೊಡ್ಡ ಮಗುಮಂಚ 4 ಅಡಿ ಉದ್ದ, 2 ಅಡಿ ಅಗಲ. ಅಂಥ ಎರಡನ್ನು ಅಕ್ಕಪಕ್ಕ ಇಟ್ಟರೆ ಎರಡನೆಯದು ಅಮ್ಮನಿಂದ ಎರಡು ಅಡಿ ಆಚೆ ಹೋಯಿತು, ಕೈ ಎಟಕುವುದಿಲ್ಲ. ಮಂಚದ ಎಡಕ್ಕೊಂದು ಬಲಕ್ಕೊಂದು ಇಟ್ಟರೆ ನೋಡಲು ಸರಿ. ಆದರೆ ಸಿಸೇರಿಯನ್ ಆದವರು ಮೊದಲು ಮಗ್ಗುಲಾಗಿ, ಮೊಣಕೈ ಊರಿ, ಕಾಲು ಕೆಳಗೆ ಬಿಟ್ಟು ಏಳಬೇಕು. ಎರಡೂ ಕಡೆ ಮುಚ್ಚಿಬಿಟ್ಟರೆ ಕಾಲ್ದೆಸೆಗೆ ತೆವಳಿಕೊಂಡು ಹೋಗಿ ಇಳಿಯಬೇಕಾಗುತ್ತದೆ. ಅನುಕೂಲವಾದ ಏರ್ಪಾಡು ಬೇರೆ ಇದೆ. ಆರೂಕಾಲು ಅಡಿಯ ಮಂಚದ ಒಂದೇ ಬದಿಗೆ, 3 ಅಡಿ ಉದ್ದದ ಎರಡು ಪುಟ್ಟ ಮಂಚಗಳನ್ನು ಒಂದರ ಹಿಂದೊಂದು, ರೈಲು ಡಬ್ಬಿಯ ಹಾಗೆ ನಿಲ್ಲಿಸಿ. ಇನ್ನೊಂದು ಬದಿ ಏಳುವುದಕ್ಕೆ ಖಾಲಿ ಉಳಿಯುತ್ತದೆ. ತಲೆದಿಂಬಿನ ಕಡೆಯ ಕೂಸು ಮಲಗಿದಲ್ಲಿಂದಲೇ ಸಿಗುತ್ತದೆ, ಕಾಲಿನ ಕಡೆಯದು ಎದ್ದು ಕೂತರೆ ಸಿಗುತ್ತದೆ. ಪದೇ ಪದೇ ಏಳುವ ಕೂಸು ಯಾವುದೆಂದು ಒಂದು ವಾರದಲ್ಲಿ ಗೊತ್ತಾಗುತ್ತದಲ್ಲ, ಅದನ್ನು ತಲೆಯ ಕಡೆಗೆ ಹಾಕಿ. ನಾಲ್ಕೈದು ತಿಂಗಳವರೆಗೆ ಈ ಅಳತೆ ಸಾಕಾಗುತ್ತದೆ.

ಬಡಗಿಯ ಹತ್ತಿರ ಮಾಡಿಸುವುದಾದರೆ ಅಳತೆ ಬರೆದುಕೊಡಿ, ಬಾಯಲ್ಲಿ ಹೇಳಬೇಡಿ. ಪಟ್ಟಿ ಪಟ್ಟಿಯ ನಡುವಿನ ಸಂದು 6 ಸೆಂಟಿಮೀಟರ್ ಮೀರಬಾರದು. ಪರೀಕ್ಷೆ ಸುಲಭ: ದಪ್ಪನೆಯ ಕೂಲ್‌ಡ್ರಿಂಕ್ಸ್ ಕ್ಯಾನ್ ಆ ಸಂದಿನಲ್ಲಿ ತೂರಿದರೆ ಕೂಸಿನ ಮೈಯೂ ತೂರುತ್ತದೆ, ತಲೆ ಮಾತ್ರ ಸಿಕ್ಕಿಕೊಳ್ಳುತ್ತದೆ. ಹಾಸಿಗೆಯ ಮೇಲಿನಿಂದ ಕಟಕಟೆ ಒಂದಡಿ ಎತ್ತರವಿದ್ದರೆ ಇನ್ನೂ ಮಗುಚದ ಕೂಸಿಗೆ ಸಾಕು. ಮಗುಚಲು ಶುರುಮಾಡಿದ ಮೇಲೆ ಎರಡಡಿ ಕಟಕಟೆಯ ದೊಡ್ಡ ಮಂಚವೇ ಬೇಕು. ಕೂಸಿನ ಹಾಸಿಗೆಯ ಎತ್ತರ ಅಮ್ಮನ ಹಾಸಿಗೆಯ ಸಮಕ್ಕೆ ಬರುವಂತೆ ಕಾಲು ಕೊಡಿಸಿ. ಒಂದು ಬದಿ ತೆರೆದ, ದೊಡ್ಡ ಮಂಚಕ್ಕೆ ಅಂಟಿಸುವ ತರಹದ್ದೂ ಈಗ ಸಿಗುತ್ತದೆ. ಅದನ್ನು ತಂದರೆ ಬೆಲ್ಟಿನಿಂದ ಬಿಗಿಯಾಗಿ ಕಟ್ಟಿ, ಎರಡು ಹಾಸಿಗೆಯ ನಡುವೆ ಬಿರುಕೇ ಇರದಂತೆ ನೋಡಿಕೊಳ್ಳಿ. ಆ ಬಿರುಕಿಗೆ ದಿಂಬು ತುರುಕಿ ‘ಸರಿಮಾಡುವುದು’ ಮಾತ್ರ ಬೇಡವೇ ಬೇಡ. ದಿಂಬು ರಾತ್ರಿ ಜರುಗುತ್ತದೆ, ಕೂಸಿನ ಮುಖ ಅದಕ್ಕೆ ಒತ್ತಿಕೊಳ್ಳುತ್ತದೆ.

ಹಾಸಿಗೆಯ ವಿಷಯದಲ್ಲಿ ಅಜ್ಜಿಯಂದಿರಿಗೆ ಸ್ವಲ್ಪ ಬೇಸರವಾಗಬಹುದು. ಬೂರುಗದ ಹತ್ತಿಯ ಮೆತ್ತನೆ ಹಾಸಿಗೆ, ಅದರ ಮೇಲೆ ನಾಲ್ಕು ಮಡಿಕೆ ಸೀರೆ, ಸುತ್ತ ಪುಟ್ಟ ದಿಂಬುಗಳ ಕೋಟೆ: ಇಷ್ಟಿಲ್ಲದೆ ಬಾಣಂತಿ ಕೋಣೆ ಕಳೆಗಟ್ಟುವುದಿಲ್ಲ. ಆದರೆ ಎರಡು ಕಿಲೋ ತೂಕದ ಕೂಸಿಗೆ ಮೂಗು ಹೂತರೆ ತಲೆ ಎತ್ತುವ ಶಕ್ತಿ ಇಲ್ಲ. ತೆಂಗಿನ ನಾರಿನ ಹಾಸಿಗೆ, ಎರಡರಿಂದ ನಾಲ್ಕು ಇಂಚು ದಪ್ಪ, ಮಂಚದ ಒಳಅಳತೆಗೆ ಸರಿಯಾಗಿ ಕತ್ತರಿಸಿದ್ದು ಚೆನ್ನ. ಅಂಚಿಗೂ ಮಂಚಕ್ಕೂ ನಡುವೆ ಎರಡು ಬೆರಳು ಹೋದರೆ ಹಾಸಿಗೆ ಚಿಕ್ಕದಾಯಿತೆಂದೇ ಅರ್ಥ. ಗಟ್ಟಿ ಇದೆಯೋ ಇಲ್ಲವೋ ನೋಡಲು ಎರಡು ಕಿಲೋ ಅಕ್ಕಿಯ ಚೀಲವನ್ನು ನಡುವೆ ಇಟ್ಟು ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಗುಳಿ ಉಳಿದರೆ ಆ ಹಾಸಿಗೆ ಕೂಸಿಗಲ್ಲ, ದೊಡ್ಡವರಿಗೆ ಹಾಕಿಕೊಳ್ಳಿ.

ಹಾಸುವ ಕ್ರಮದಲ್ಲಿ ಒಂದು ಕಿವಿಮಾತು ಇದೆ, ರಾತ್ರಿಯ ಅರ್ಧ ಗೋಳನ್ನು ತಪ್ಪಿಸುತ್ತದೆ. ಮೊದಲು ರಬ್ಬರ್ ಶೀಟು, ಅದರ ಮೇಲೆ ಹಳೆಯ ಕಾಟನ್ ಸೀರೆಯ ಬಟ್ಟೆ. ಮತ್ತೆ ರಬ್ಬರ್ ಶೀಟು, ಮತ್ತೆ ಬಟ್ಟೆ. ಪ್ರತಿ ಬಟ್ಟೆಯ ಅಂಚನ್ನೂ ಹಾಸಿಗೆಯ ಅಡಿಗೆ ಒಂದು ಗೇಣು ಮಡಚಿ ಬಿಗಿಯಾಗಿ ಸಿಕ್ಕಿಸಿ. ನಡುರಾತ್ರಿ ಉಚ್ಚೆ ಮಾಡಿದರೆ ಮೇಲಿನ ಜೋಡಿಯನ್ನು ಎಳೆದು ಬಕೆಟ್ಟಿಗೆ ಹಾಕಿದರಾಯಿತು, ಕೆಳಗೆ ಒಣಗಿದ್ದು ತಯಾರಿರುತ್ತದೆ. ದೀಪ ಹಾಕಬೇಕಿಲ್ಲ, ಇನ್ನೊಂದು ಕೂಸು ಏಳುವುದಿಲ್ಲ. ಒಂದು ಕೂಸಿಗೆ ಇಂಥ ಬಟ್ಟೆ ಎಂಟರಿಂದ ಹತ್ತು ಬೇಕು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಹದಿನೈದಿದ್ದರೂ ಹೆಚ್ಚಲ್ಲ. ಅರೆಒಣಗಿದ ಬಟ್ಟೆಯನ್ನು ಇಸ್ತ್ರಿ ಹಾಕಿ, ಪೂರ್ತಿ ತಣಿದ ಮೇಲೆ ಹಾಸಿ.

ಕೂಸು ಅಂಗಾತ ಮಲಗಬೇಕು, ರಾತ್ರಿಯೂ ಹಗಲೂ. ಅಂಗಾತ ಮಲಗಿಸಿದರೆ ಕಕ್ಕಿದ ಹಾಲು ಗಂಟಲಿಗೆ ಸಿಕ್ಕೀತು ಎಂಬ ಹೆದರಿಕೆ ಹಳೆಯದು, ತಲೆಯೊಳಗಿನಿಂದ ಹೋಗುವುದೇ ಇಲ್ಲ. ಒಳಗಿನ ರಚನೆ ನೋಡಿದರೆ ನಿಜ ಇದಕ್ಕೆ ಉಲ್ಟಾ. ಅಂಗಾತ ಮಲಗಿದಾಗ ಉಸಿರಿನ ಕೊಳವೆ ಮೇಲಿರುತ್ತದೆ, ಅನ್ನನಾಳ ಕೆಳಗಿರುತ್ತದೆ. ಮೇಲೆ ಬಂದ ಹಾಲು ಉಸಿರಿನ ಕೊಳವೆಗೆ ಹೋಗಬೇಕಾದರೆ ಮೇಲಕ್ಕೆ ಹತ್ತಬೇಕು. ಬೋರಲು ಹಾಕಿದರೆ ಉಸಿರಿನ ಕೊಳವೆಯೇ ಕೆಳಗಾಗುತ್ತದೆ. ಹಾಲು ಕುಡಿಸಿದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗು ಬರಿಸಿ ಮಲಗಿಸಿ, ಅಷ್ಟೇ. ಹಾಲು ಕಕ್ಕುತ್ತದೆಂದು ತಲೆಯ ಕಡೆ ಹಾಸಿಗೆ ಎತ್ತರಿಸಬೇಡಿ. ಇಳಿಜಾರಿನಲ್ಲಿ ಕೂಸು ಜಾರಿ ಗದ್ದ ಎದೆಗೆ ಒತ್ತಿಕೊಂಡರೆ ಉಸಿರಿನ ದಾರಿ ಮಡಚಿಕೊಳ್ಳುತ್ತದೆ.

ತಲೆ ದುಂಡಗಾಗಲಿ ಎಂದು ಇಡುವ ಸಾಸಿವೆ ದಿಂಬನ್ನೂ ಮಲಗುವ ಜಾಗದಿಂದ ತೆಗೆದುಬಿಡಿ. ಅವಳಿಗಳ ತಲೆ ಒಂದು ಬದಿಗೆ ಚಪ್ಪಟೆಯಾಗುವುದು ಹೆಚ್ಚು, ನಿಜ. ಕಾರಣ ಹೀಗೆ: ಕೂಸು ಬೆಳಕಿನ ಕಡೆಗೋ ಅಮ್ಮನ ಕಡೆಗೋ ತಿರುಗುತ್ತದೆ, ಜಾಗ ಬದಲಾಗದಿದ್ದರೆ ಪ್ರತಿ ರಾತ್ರಿಯೂ ಅದೇ ಕೆನ್ನೆ ಕೆಳಗೆ. ಇವತ್ತು ತಲೆ ಇದ್ದ ಕಡೆ ನಾಳೆ ಕಾಲು ಬರಲಿ. ಎಚ್ಚರವಿದ್ದಾಗ, ಎದುರಿಗೆ ಯಾರಾದರೂ ಕೂತಿರುವಾಗ, ಎರಡು ಮೂರು ನಿಮಿಷದಂತೆ ದಿನಕ್ಕೆ ಹಲವು ಸಲ ಬೋರಲು ಹಾಕಿ ಆಡಿಸಿ. ದಿಂಬು ಮಾಡದ ಕೆಲಸವನ್ನು ಇದು ಮಾಡುತ್ತದೆ.

ಈಗ ತೊಟ್ಟಿಲಿಗೆ ಬರೋಣ. ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲು ಮನೆಯಲ್ಲಿದ್ದರೆ ಅದೃಷ್ಟವಂತರು. ಪುರಾಣದ ಚಿತ್ರ ಬರೆದ ಆ ಹಲಗೆಗಳನ್ನು ನೋಡುತ್ತಾ ಕೂತರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ನಾಮಕರಣದ ದಿನ ಎರಡೂ ಕೂಸನ್ನು ಅದರಲ್ಲಿ ಹಾಕಿ, ಗುಂಡುಕಲ್ಲಿಗೆ ಕುಲಾವಿ ತೊಡಿಸಿ ಹಾಡಿ, ಫೋಟೊ ತೆಗೆಯಿರಿ. ಹಗಲು ದೊಡ್ಡವರು ಎದುರಿಗೆ ಕೂತು ತೂಗುವಾಗ ಒಂದು ಸಲಕ್ಕೆ ಒಂದೇ ಕೂಸನ್ನು ಮಲಗಿಸಿ. ರಾತ್ರಿಗೆ ಬೇಡ. ತೂಗುವ ತೊಟ್ಟಿಲು ಮಟ್ಟಸವಾಗಿ ನಿಲ್ಲುವುದಿಲ್ಲ. ಇಬ್ಬರಿದ್ದರೆ ಭಾರವಿರುವ ಕಡೆ ಒರಗುತ್ತದೆ, ಹಗುರ ಕೂಸು ಭಾರದ ಕೂಸಿನ ಮೇಲೆ ಜಾರುತ್ತದೆ. ಅಟ್ಟದಿಂದ ಇಳಿಸಿದ ಹಳೆಯ ತೊಟ್ಟಿಲಾದರೆ ಕೊಕ್ಕೆ, ಸರಪಳಿ, ತೊಲೆ ಮೂರನ್ನೂ ನೋಡಿ. ತೊಟ್ಟಿಲು ತೂಗುಹಾಕಿ 25 ಕಿಲೋ ಅಕ್ಕಿಮೂಟೆ ಇಟ್ಟು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಕೊಕ್ಕೆಯ ಬಾಯಿ ಕೂದಲೆಳೆಯಷ್ಟು ಅಗಲಿಸಿದ್ದರೂ ಹೊಸದು ಹಾಕಿಸಿ. ಬಣ್ಣ ಸಿಪ್ಪೆ ಏಳುತ್ತಿದ್ದರೆ ಕೂಸಿನ ಕೈಗೆ ಸಿಗದಂತೆ ನೋಡಿಕೊಳ್ಳಿ, ಹಳೆಯ ಬಣ್ಣಗಳಲ್ಲಿ ಸೀಸ ಇರುವುದುಂಟು.

ಸೀರೆಯ ಜೋಲಿ ಇನ್ನೊಂದು ಕಥೆ. ಅದರಲ್ಲಿ ಕೂಸು ಬಿಲ್ಲಿನಂತೆ ಬಾಗುತ್ತದೆ, ಗದ್ದ ಎದೆಗೆ ತಾಗುತ್ತದೆ, ಬಟ್ಟೆ ಎರಡೂ ಕಡೆಯಿಂದ ಮುಖದ ಮೇಲೆ ಮುಚ್ಚಿಕೊಳ್ಳುತ್ತದೆ. ತಿಂಗಳು ತುಂಬದೆ ಹುಟ್ಟಿದ ಕೂಸಿಗಂತೂ ಜೋಲಿಯ ಹೆಸರೇ ಎತ್ತಬೇಡಿ. ಅಳು ನಿಲ್ಲಲೆಂದು ಹಾಕಿ ತೂಗಿದಿರಿ, ಕಣ್ಣು ಮುಚ್ಚಿತು ಅನ್ನಿ, ಎತ್ತಿ ಹಾಸಿಗೆಗೆ ಹಾಕಿ. ಒಂದೇ ಜೋಲಿಯಲ್ಲಿ ಇಬ್ಬರನ್ನು ಹಾಕುವುದು ಎಂದಿಗೂ ಕೂಡದು. ಸ್ಪ್ರಿಂಗ್ ಜೋಲಿಯಲ್ಲಿ ಅಕ್ಕಪಕ್ಕದ ಮಕ್ಕಳ ಬೆರಳು ಸಿಕ್ಕಿಕೊಳ್ಳುವ ಭಯ ಬೇರೆ.

ನೆಲಕ್ಕೆ ಹಾಸಿಕೊಂಡು ಮಲಗುವ ಮನೆಗಳು ನಮ್ಮಲ್ಲಿ ಬಹಳ, ಅದರಲ್ಲಿ ತಪ್ಪಿಲ್ಲ. ಬೀಳುವ ಭಯವಿಲ್ಲ. ಚಾಪೆ, ಅದರ ಮೇಲೆ ಜಮಖಾನ, ಅದರ ಮೇಲೆ ಎರಡು ತೆಳ್ಳನೆ ನಾರಿನ ಹಾಸಿಗೆ, ಎರಡರ ನಡುವೆ ಒಂದಡಿ ಜಾಗ, ಅಮ್ಮ ಒಂದು ಮಗ್ಗುಲಿಗೆ. ಕೌದಿಯನ್ನು ಅಡಿಗೆ ಹಾಸಬಹುದು, ಕೂಸಿಗೆ ಹೊದಿಸಬಾರದು. ಗೋಡೆಗೆ ತಾಗಿಸಿ ಹಾಸಬೇಡಿ. ಗೋಡೆಗೂ ಹಾಸಿಗೆಗೂ ನಡುವಿನ ಸಂದಿನಲ್ಲಿ ಕೂಸು ಸಿಕ್ಕಿಬೀಳುತ್ತದೆ, ಮಳೆಗಾಲದಲ್ಲಿ ತೇವವೂ ಏರುತ್ತದೆ. ರಾತ್ರಿ ಎದ್ದವರು ಕಾಣದೆ ತುಳಿಯದಂತೆ ಕಾಲ್ದೆಸೆಗೆ ಒಂದು ಸಣ್ಣ ದೀಪ ಇರಲಿ. ಸಿಸೇರಿಯನ್ ಆದವರಿಗೆ ಮಾತ್ರ ನೆಲದಿಂದ ಏಳುವುದು ಕಷ್ಟ, ಮೊದಲ ಆರು ವಾರ ಮಂಚವೇ ಇರಲಿ.

ಹೊಟ್ಟೆಯಲ್ಲಿ ಒಟ್ಟಿಗಿದ್ದವು, ಬೇರೆ ಮಲಗಿಸಿದರೆ ಬೆಚ್ಚಿಬೀಳುತ್ತವೆ ಎಂದು ಹೇಳುವವರಿದ್ದಾರೆ. ಇದರಲ್ಲಿ ವೈದ್ಯರ ಮಾತೂ ಒಂದೇ ರೀತಿ ಇಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಅವಳಿಗಳಿಗೂ ಬೇರೆ ಬೇರೆ ಹಾಸಿಗೆ ಎನ್ನುತ್ತದೆ. ಬ್ರಿಟನ್ನಿನ ಆರೋಗ್ಯ ಸೇವೆ, ಪುಟ್ಟವಿರುವಾಗ ಒಂದೇ ದೊಡ್ಡ ಮಂಚದಲ್ಲಿ ಮಲಗಿಸಬಹುದು ಎನ್ನುತ್ತದೆ. ಜಾಗವೇ ಇಲ್ಲದೆ ಒಂದೇ ಮಂಚ ಬಳಸಲೇಬೇಕಾದರೆ 4 ಅಡಿಯದ್ದೇ ಆಗಲಿ. ಎರಡೂ ಅಂಗಾತ, ನೆತ್ತಿಗೆ ನೆತ್ತಿ ಎದುರಾಗಿ, ಒಂದರ ಕಾಲು ಆ ತುದಿಗೆ, ಇನ್ನೊಂದರ ಕಾಲು ಈ ತುದಿಗೆ. ನಡುವೆ ದಿಂಬಿನ ಅಡ್ಡ ಬೇಡ. ಎರಡರಲ್ಲಿ ಒಂದು ಮಗ್ಗುಲಾಗಲು ಯತ್ನಿಸಿದ ದಿನವೇ ಈ ಏರ್ಪಾಡು ಮುಗಿಯಬೇಕು. ನಮ್ಮ ಮತವೇನೆಂದರೆ ಮೊದಲ ದಿನದಿಂದ ಬೇರೆಯೇ ಒಳ್ಳೆಯದು, ಆಮೇಲೆ ಅಭ್ಯಾಸ ಬಿಡಿಸುವ ಕಷ್ಟವೂ ಇರುವುದಿಲ್ಲ. ಒಂದು ಅತ್ತರೆ ಇನ್ನೊಂದು ಏಳುತ್ತದೆಂದು ಕೋಣೆ ಬದಲಿಸಬೇಕಿಲ್ಲ. ಒಂದೆರಡು ವಾರದಲ್ಲಿ ಒಂದರ ಅಳು ಇನ್ನೊಂದಕ್ಕೆ ರೂಢಿಯಾಗಿಬಿಡುತ್ತದೆ, ದೊಡ್ಡವರಿಗೇ ಆಗುವುದಿಲ್ಲ.

ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು 37 ವಾರ ತುಂಬುವ ಮೊದಲೇ ಹುಟ್ಟುತ್ತವೆ, ಎರಡೂವರೆ ಕಿಲೋಗಿಂತ ಕಡಿಮೆ ತೂಕವಿರುವುದೂ ಸಾಮಾನ್ಯ. ಅಂಥ ಕೂಸಿಗೆ ಕಾವು ಬೇಕು, ಆದರೆ ರಗ್ಗಿನಿಂದಲ್ಲ, ಮೈಯಿಂದ. ಬರೀ ಎದೆಗೆ ಬರೀ ಕೂಸನ್ನು ಕಟ್ಟಿಕೊಳ್ಳುವ ಕಾಂಗರೂ ಆರೈಕೆಯನ್ನು ದಿನಕ್ಕೆ 8 ತಾಸಿಗೆ ಕಡಿಮೆ ಇಲ್ಲದಂತೆ ಮಾಡಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಮ್ಮನ ಎದೆಗೊಂದು, ಅಪ್ಪನ ಎದೆಗೋ ಅಜ್ಜಿಯ ಎದೆಗೋ ಇನ್ನೊಂದು. ಮೂಗು ಬಾಯಿ ಕಾಣುತ್ತಿರಬೇಕು, ಗದ್ದ ಎದೆಗೆ ಮಡಚಿರಬಾರದು. ಹೊತ್ತವರಿಗೆ ನಿದ್ದೆ ಬರುತ್ತಿದ್ದರೆ ಬೇರೆಯವರಿಗೆ ಕೊಡಿ. ಹಾಲೂಡುವಾಗಲೂ ಅಷ್ಟೇ, ತೂಕಡಿಕೆ ಬರುವ ಹೊತ್ತಿನಲ್ಲಿ ಸೋಫಾದಲ್ಲಿ ಕೂರಬೇಡಿ. ಸೋಫಾದ ಸಂದಿನಲ್ಲಿ ಕೂಸು ಸಿಕ್ಕಿಕೊಳ್ಳುವುದು ಎಲ್ಲಕ್ಕಿಂತ ಅಪಾಯ. ದಿಂಬು, ರಗ್ಗು ತೆಗೆದ ಮಂಚದ ಮೇಲೇ ಕೂತು ಹಾಲು ಕೊಡಿ, ಅಕಸ್ಮಾತ್ ನಿಮಗೆ ನಿದ್ದೆ ಹತ್ತಿದರೂ ಎಚ್ಚರವಾದ ಕೂಡಲೇ ಕೂಸನ್ನು ಅದರ ಹಾಸಿಗೆಗೆ ಹಾಕಿ.

ಸಣ್ಣ ಕೂಸುಗಳಿರುವ ಕೋಣೆ 25ರಿಂದ 28 ಡಿಗ್ರಿ ಇದ್ದರೆ ಹಿತ. ನೀವು ತೊಟ್ಟದ್ದಕ್ಕಿಂತ ಒಂದು ಪದರ ಹೆಚ್ಚು ಸಾಕು. ಬೆರಳಲ್ಲ, ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಬೆವರಿದ್ದರೆ ಒಂದು ಪದರ ತೆಗೆಯಿರಿ. ಕುಲಾವಿ, ಕುಂಚಿಗೆಯ ಕಟ್ಟುವ ದಾರ ರಾತ್ರಿ ಗಂಟಲಿಗೆ ಸುತ್ತಿಕೊಳ್ಳಬಹುದು. ವೈದ್ಯರು ಟೋಪಿ ಹಾಕಿ ಎಂದಿದ್ದರೆ ದಾರವಿಲ್ಲದ್ದನ್ನೇ ಹಾಕಿ. ದೃಷ್ಟಿಯ ಕರಿದಾರ ಕತ್ತಿಗೆ ಬೇಡ, ಕಾಲಿಗಿರಲಿ, ವಾರಕ್ಕೊಮ್ಮೆ ಬಿಗಿಯಾಗಿದೆಯೇ ನೋಡಿ. ಬಟ್ಟೆ ಸುತ್ತುವಾಗ ಕಾಲು ನೆಟ್ಟಗೆ ಎಳೆದು ಕಟ್ಟಬೇಡಿ, ಸೊಂಟದ ಕೀಲು ಕೆಡುತ್ತದೆ. ಕಪ್ಪೆಯ ಕಾಲಿನಂತೆ ಮಡಚಿ ಆಡಿಸಲು ಜಾಗವಿರಲಿ. ಕೆಂಡದ ಬುಟ್ಟಿ, ಸಾಂಬ್ರಾಣಿ ಹೊಗೆ, ಸೊಳ್ಳೆಬತ್ತಿ ಇವು ಮುಚ್ಚಿದ ಕೋಣೆಯಲ್ಲಿ ಬೇಡವೇ ಬೇಡ. ಸೊಳ್ಳೆಗೆ ಪರದೆಯೇ ಮದ್ದು. ಛತ್ರಿಯಂತೆ ಮಡಚುವ ಪುಟ್ಟ ಪರದೆ ಕೂಸಿನ ಕೈಗೆ ತಾಗಿದಲ್ಲೇ ಸೊಳ್ಳೆ ಹೊರಗಿನಿಂದ ಕಚ್ಚುತ್ತದೆ. ಎರಡೂ ಮಂಚ, ಅಮ್ಮನ ಮಂಚ ಸೇರಿ ಒಂದೇ ದೊಡ್ಡ ಪರದೆ ಕಟ್ಟಿ, ಅಂಚನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿ.

ಒಂದೇ ತರಹದ ಅವಳಿಗಳಾದರೆ ಒಂದರ ಹೆಬ್ಬೆರಳ ಉಗುರಿಗೆ, ಕಾಲಿನದಕ್ಕೆ ಮಾತ್ರ, ಬಣ್ಣ ಹಚ್ಚಿ. ಅರೆನಿದ್ದೆಯಲ್ಲಿ ಒಂದೇ ಕೂಸಿಗೆ ಎರಡು ಸಲ ಹಾಲಾಗಿ ಇನ್ನೊಂದು ಉಪವಾಸ ಬೀಳುವುದು ಎಲ್ಲ ಮನೆಯಲ್ಲೂ ಆಗುತ್ತದೆ. ಮಂಚದ ಕಟಕಟೆಗೆ ಎರಡು ಬಣ್ಣದ ರಿಬ್ಬನ್ ಕಟ್ಟುವ ಉಪಾಯ ಬೇಡ, ದಾರ ಕೂಸಿನ ಹತ್ತಿರವಿರಬಾರದು.

ಬಾಣಂತನ ಮುಗಿಸಿ ತವರಿನಿಂದ ಹೊರಡುವಾಗ ಮಂಚ ಸಾಗಿಸದಿದ್ದರೂ ಆ ಎರಡು ನಾರಿನ ಹಾಸಿಗೆ ಜೊತೆಗಿರಲಿ. ದಾರಿಯಲ್ಲಿ ಕಾರಿನ ಸೀಟಿನಲ್ಲಿ ನಿದ್ದೆ ಹೋದ ಕೂಸನ್ನು ಮನೆ ಮುಟ್ಟಿದ ಕೂಡಲೇ ಎತ್ತಿ ಮಟ್ಟಸ ಜಾಗಕ್ಕೆ ಹಾಕಿ. ಹಿಂದಿನ ರಾತ್ರಿ ಹಾಸಿದ್ದ, ಉಚ್ಚೆ ಆಗದ ಎರಡು ಬಟ್ಟೆಯನ್ನು ಒಗೆಯದೆ ಮಡಚಿಟ್ಟುಕೊಂಡಿದ್ದರೆ ಹೊಸ ಮನೆಯ ಮೊದಲ ರಾತ್ರಿ ಅದನ್ನೇ ಹಾಸಿ. ಪರಿಚಿತ ವಾಸನೆಗೆ ಕೂಸು ಬೇಗ ಕಣ್ಣು ಮುಚ್ಚುತ್ತದೆ.