ಮುಂಗಡ ತಗೊಂಡೇ ನಡೆಸಿದ ರೊಟ್ಟಿ ವ್ಯಾಪಾರ

"ರೊಟ್ಟಿಗ್ಯಾರು ಮೊದ್ಲ ರೊಕ್ಕ ಕೊಡ್ತಾರವ್ವಾ?" ಅಂತ ನಮ್ಮ ಅತ್ತೆ ಕೇಳಿದ್ದರು. ಓಣಿಯವರದ್ದೂ ಅದೇ ಮಾತು. ಈಗ ಎರಡು ವರ್ಷದಿಂದ ಅರ್ಧ ಹಣ ಕೈಗೆ ಬರದೆ ನಾನು ಎಸರು ಇಡುವುದಿಲ್ಲ.

ವಿಜಯಪುರದಲ್ಲಿ ಖಡಕ್ ರೊಟ್ಟಿ ಶುರು ಮಾಡಿದಾಗ ನನ್ನ ಬಳಿ ಇದ್ದದ್ದು 18,000 ರೂಪಾಯಿ. ಹಂಚು, ಗ್ಯಾಸ್ ಒಲೆ, 2 ಕ್ವಿಂಟಲ್ ಬಿಳಿಜೋಳಕ್ಕೇ ಅದು ಮುಗಿಯಿತು. ಅಂಗಡಿಗಳಿಗೆ ಒಂದಕ್ಕೆ 6 ರೂಪಾಯಿಯಂತೆ ಹಾಕಿದೆ. ಕಿಲೋ ಹಿಟ್ಟಿಗೆ 20 ರೊಟ್ಟಿ ಹಿಡಿಯಿರಿ. ಜೋಳ, ಗಿರಣಿ, ಗ್ಯಾಸ್ ಸೇರಿ ರೊಟ್ಟಿಗೆ ಮೂರೂಕಾಲು, ಬಡಿಯುವವರಿಗೆ 2. ಉಳಿಯುವುದು ಮುಕ್ಕಾಲು ರೂಪಾಯಿ, ಅದೂ ಉದ್ರಿ. ಐದನೇ ತಿಂಗಳಿಗೆ ಸುಮಾರು 14,000 ರೂಪಾಯಿ ಅಂಗಡಿಗಳಲ್ಲೇ ಸಿಕ್ಕಿಕೊಂಡಿತು. ಕೂಲಿ ಕೊಡಲು ಕಿವಿಯೋಲೆ ಅಡವಿಟ್ಟೆ. ಆ ದಿನ ಇನ್ನೂ ಮರೆತಿಲ್ಲ.

ಸಣ್ಣ ವ್ಯಾಪಾರಕ್ಕೆ ಕೊಡುವ ಸರ್ಕಾರಿ ಯೋಜನೆಯ ಮುದ್ರಾ ಶಿಶು ಸಾಲ 50,000ದವರೆಗೆ ಸಿಗುತ್ತೆ, ತಗೋ ಅಂದರು. ಬೇಡ ಅಂದೆ. ಉದ್ರಿ ನಿಲ್ಲಿಸದೆ ಸಾಲ ತಂದರೆ ಅದೂ ಅಂಗಡಿಯವರ ಹತ್ತಿರವೇ ಹೋಗಿ ಕೂರುತ್ತೆ, ಅಲ್ವಾ?

ಅಂಗಡಿ ಬಿಟ್ಟು ಮದುವೆ, ಸೀಮಂತ, ಗೃಹಪ್ರವೇಶದ ಮನೆ ಹಿಡಿದೆ. ಪೆಂಡಾಲಿಗೆ, ಅಡುಗೆಯವರಿಗೆ ಮುಂಗಡ ಕೊಡುವವರು ರೊಟ್ಟಿಗೂ ಕೊಡುತ್ತಾರೆ. ಹತ್ತು ರೊಟ್ಟಿ, ಸ್ವಲ್ಪ ಶೇಂಗಾ ಚಟ್ನಿ ತಗೊಂಡು ಹೋಗಿ ತಿನ್ನಿಸುವುದು, ಆಮೇಲೆ ದರ ಹೇಳುವುದು. ಯಾವ ಮನೆಯಲ್ಲಿ ಕಾರ್ಯ ಇದೆ ಅಂತ ನನಗೆ ಮೊದಲೇ ಹೇಗೆ ಗೊತ್ತಾಗುತ್ತೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ದರ 8 ರೂಪಾಯಿ. ಸಾವಿರ ರೊಟ್ಟಿಗೆ 4,000 ಮುಂಗಡ ಬಂದರೆ ಜೋಳ, ಗಿರಣಿ, ಗ್ಯಾಸ್ ಅದರಲ್ಲೇ ಮುಗಿಯುತ್ತದೆ. ಕೂಲಿ ಮಾಲು ಕೊಟ್ಟ ದಿನವೇ. ನನ್ನ ಹಣ ಒಂದು ಪೈಸೆಯೂ ಬೀಳುವುದಿಲ್ಲ.

ಒಮ್ಮೆ ಬೆಂಗಳೂರಿಗೆ ಬಸ್ಸಿನಲ್ಲಿ 500 ರೊಟ್ಟಿ ಕಳಿಸಿದೆ. ಅರ್ಧಕ್ಕರ್ಧ ಪುಡಿ. ಹಣ ವಾಪಸ್ ಕೊಟ್ಟೆ. ಈಗ ನೂರಕ್ಕೆ ಮೂರ್ನಾಲ್ಕು ಒಡೆದರೆ ಜಾಸ್ತಿ. ಪೇರಿಸುವ ರೀತಿ ಬೇರೆ, ಅದನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ನಡುವೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನೂ ಮಾಡಿ ನೋಡಿದೆ. ಚಳಿಗಾಲದಲ್ಲಿ ಚೆನ್ನಾಗಿ ಹೋಯಿತು. ಆದರೆ ಸಜ್ಜೆ ಹಿಟ್ಟು ಬೇಗ ಕಹಿಯಾಗುತ್ತೆ. ಬೀಸಿಟ್ಟಿದ್ದ 15 ಕಿಲೋ ದನಕ್ಕೆ ಹಾಕಬೇಕಾಯಿತು. ಈಗ ಆರ್ಡರ್ ಬಂದ ದಿನವೇ ಬೀಸಿಸುತ್ತೇನೆ.

ಮದುವೆ ತಿಂಗಳಲ್ಲಿ 12–14 ಸಾವಿರ ರೊಟ್ಟಿ ಹೋಗುತ್ತವೆ, ನಾಲ್ವರು ಬಡಿಯುತ್ತಾರೆ. ಓಲೆ ಬಿಡಿಸಿಕೊಂಡಿದ್ದೇನೆ. ಈ ಸಲ ಸುಗ್ಗಿಯಲ್ಲಿ ಹೊಸ ಮಾಲದಂಡಿ ಜೋಳ 6 ಕ್ವಿಂಟಲ್ ನಗದು ಕೊಟ್ಟು ತುಂಬಿಸಿದೆ. ಚೀಲ ಎಣಿಸಿ ಇಳಿಸಿಕೊಂಡವರು ನಮ್ಮ ಅತ್ತೆ.