ಮೊದಲು ನೀರಿಗೆ ದಾರಿ, ಆಮೇಲೆ ಜನಕ್ಕೆ: ನಮ್ಮೂರ ರಸ್ತೆ, ಬೋರ್ಡು ಸರಿಮಾಡಿದ ಅನುಭವ

ಕುಂದಾಪುರದಿಂದ ಬೈಂದೂರಿನ ಕಡೆ ಹೆದ್ದಾರಿ 66ರಲ್ಲಿ ಹೋದವರಿಗೆಲ್ಲ ಮರವಂತೆ ಗೊತ್ತು. ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ಆದರೆ ಅದೇ ಹೆದ್ದಾರಿಯಿಂದ ಪಡುಬದಿಗೆ ಇಳಿಯುವ ಸಣ್ಣ ರಸ್ತೆಗಳನ್ನು ಯಾರೂ ಗಮನಿಸುವುದಿಲ್ಲ. ನಮ್ಮೂರು ಅಂಥದ್ದೊಂದು ರಸ್ತೆಯ ಕೊನೆಯಲ್ಲಿದೆ. ಮೀನುಗಾರರ ಮನೆಗಳು, ತೆಂಗಿನ ತೋಟ, ಶಾಲೆ, ಭಜನಾ ಮಂದಿರ, ಆಮೇಲೆ ಕಡಲೇ. ರಾತ್ರಿ 108 ಬರಬೇಕಾದರೆ ಮನೆಯವರೊಬ್ಬರು ಟಾರ್ಚ್ ಹಿಡಿದು ಹೆದ್ದಾರಿಗೆ ಓಡಲೇಬೇಕಿತ್ತು. ರೋಗಿಯ ಹತ್ತಿರ ಇರಬೇಕಾದವರು ಮಳೆಯಲ್ಲಿ ತಿರುವಿನ ಹತ್ತಿರ ನಿಲ್ಲುವುದು ಅಂದರೆ ಏನು ಕಥೆ ಅಲ್ವಾ?

ಭಜನಾ ಮಂದಿರದ ಹುಡುಗರು, ಸ್ವಸಹಾಯ ಸಂಘದ ಹೆಂಗಸರು, ಇಬ್ಬರು ಗಾರೆ ಮೇಸ್ತ್ರಿಗಳು ಸೇರಿ ಕೆಲಸ ಶುರುಮಾಡಿದೆವು. ಮೊದಲ ಪ್ರಶ್ನೆ, ಯಾವ ರಸ್ತೆ ಯಾರದ್ದು? ಇದು ಗೊತ್ತಿಲ್ಲದೆ ಹಾರೆ ಹಿಡಿಯಬಾರದು. ಹೆದ್ದಾರಿಯನ್ನು ನಾವು ಮುಟ್ಟುವ ಹಾಗಿಲ್ಲ, ಅಲ್ಲಿನ ದೂರಿಗೆ 1033 ಸಹಾಯವಾಣಿ ಇದೆ. ಲೋಕೋಪಯೋಗಿ ಇಲಾಖೆಯ ರಸ್ತೆಗೆ ಅವರ ಒಪ್ಪಿಗೆ ಬೇಕು. ಉಳಿದ ಒಳರಸ್ತೆಗಳು ಪಂಚಾಯಿತಿಯವು. ಪಂಚಾಯಿತಿಗೆ ಅರ್ಜಿ ಕೊಟ್ಟು, ನಮ್ಮ ಪ್ರತಿಗೆ ಸೀಲು ಹಾಕಿಸಿಕೊಂಡೆವು. ಆಮೇಲೆ ಯಾರಾದರೂ ತಕರಾರು ಎತ್ತಿದರೆ ಆ ಒಂದು ಕಾಗದ ಸಾಕು.

ಇಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಹಾಗಾಗಿ ಊರಲ್ಲಿ ಗಂಡಸರು ಕೈಗೆ ಸಿಗುವುದು ಜಡಿಮಳೆಯ ಕಾಲದಲ್ಲೇ. ಆಗ ಡಾಂಬರು ಹಾಕಿದರೆ ಹಿಡಿಯುವುದಿಲ್ಲ. ಆದರೆ ನೀರು ನೋಡುವುದಕ್ಕೆ ಅದಕ್ಕಿಂತ ಒಳ್ಳೆಯ ಕಾಲ ಇಲ್ಲ. ನಮ್ಮ ಮೇಸ್ತ್ರಿ ಮೊದಲ ಸಭೆಯಲ್ಲೇ ಹೇಳಿದ್ದು ಒಂದೇ ಮಾತು, "ಮೊದ್ಲ್ ನೀರ್ ಎಲ್ ಹೋತ್ತ್ ಕಾಣಿ." ಕೊಡೆ ಹಿಡಿದು, ಸುಣ್ಣದ ಬದಲು ಕೋಲು ನೆಟ್ಟು ಗುರುತು ಮಾಡುತ್ತಾ ನಡೆದೆವು (ಸುಣ್ಣ ಆ ಮಳೆಗೆ ನಿಲ್ಲುತ್ತದೆಯೇ?). ರಸ್ತೆಯ ಅಂಚಿನಲ್ಲಿ ಹುಲ್ಲು ಬೆಳೆದು, ಮಣ್ಣು ಕೂತು, ಬದಿಯೇ ರಸ್ತೆಗಿಂತ ಎತ್ತರ ಆಗಿಬಿಟ್ಟಿತ್ತು. ಚರಂಡಿ ಇದ್ದರೂ ನೀರು ಅಲ್ಲಿಗೆ ಇಳಿಯದೆ ಡಾಂಬರಿನ ಮೇಲೇ ನಿಲ್ಲುತ್ತಿತ್ತು. ನಿಂತ ನೀರು ಬಿರುಕಿನೊಳಗೆ ಇಳಿದು ಅಡಿಯ ಜಲ್ಲಿ ಸಡಿಲ ಮಾಡುತ್ತದೆ, ಮೇಲೆ ಮೀನಿನ ಲಾರಿಯ ಚಕ್ರ ಹತ್ತಿದರೆ ಮುಗಿಯಿತು, ಹೊಂಡ. ಬದಿಯ ಮಣ್ಣು ಕೆತ್ತಿ, ಅಲ್ಲಲ್ಲಿ ಚರಂಡಿಗೆ ಕಚ್ಚು ಕಡಿದು, ಮೋರಿಯ ಬಾಯಿಗೆ ಸಿಕ್ಕಿದ್ದ ತೆಂಗಿನ ಗರಿ, ಹಳೆ ಬಲೆಯ ತುಂಡು ಎಲ್ಲ ತೆಗೆದೆವು. ಅಷ್ಟು ಮಾಡಿದ್ದಕ್ಕೇ ಅರ್ಧ ರಸ್ತೆ ಒಣಗಿತು. ನಮ್ಮ ಇಡೀ ಕೆಲಸದಲ್ಲಿ ಅತಿ ಅಗ್ಗದ್ದು ಇದು, ಅತಿ ಜಾಸ್ತಿ ಉಪಯೋಗಕ್ಕೆ ಬಂದಿದ್ದೂ ಇದೇ.

ಮಳೆಗಾಲದಲ್ಲಿ ಹೊಂಡಕ್ಕೆ ಕೆಂಪುಮಣ್ಣು ಸುರಿಯುವುದನ್ನು ದಯವಿಟ್ಟು ಬಿಡಿ. ಒಂದೇ ಮಳೆಗೆ ರಾಡಿಯಾಗಿ ಬೈಕು ಜಾರುತ್ತದೆ. ಆಗ ದಪ್ಪ ಜಲ್ಲಿ, ಅದರ ಸಂದಿಗೆ ಜಲ್ಲಿಪುಡಿ ಹಾಕಿ ದಿಮ್ಮಸು (ನೆಲ ಗಟ್ಟಿ ಮಾಡುವ ಭಾರದ ಸಾಧನ) ಹೊಡೆದರೆ ತಾತ್ಕಾಲಿಕವಾಗಿ ಸಾಕು. ಶಾಶ್ವತ ಕೆಲಸ ದೀಪಾವಳಿ ಕಳೆದ ಮೇಲೆ. ಹೊಂಡದ ಅಂಚನ್ನು ಗಟ್ಟಿ ಡಾಂಬರು ಸಿಗುವವರೆಗೆ ಚೌಕವಾಗಿ, ನೇರ ಗೋಡೆ ಬರುವ ಹಾಗೆ ಕಡಿಯಬೇಕು. ಧೂಳು ಪೂರ್ತಿ ಗುಡಿಸಬೇಕು. ಒಳಗೆಲ್ಲ ತೆಳ್ಳಗೆ ಟ್ಯಾಕ್ ಕೋಟ್ (ಹಳೆಯದಕ್ಕೆ ಹೊಸದು ಅಂಟಲು ಬಳಿಯುವ ಡಾಂಬರು ದ್ರವ) ಬಳಿದು, ಚೀಲದಲ್ಲಿ ಬರುವ ಕೋಲ್ಡ್ ಮಿಕ್ಸನ್ನು (ಬಿಸಿ ಮಾಡದೆ ಹಾಕುವ ಡಾಂಬರು-ಜಲ್ಲಿ ಮಿಶ್ರಣ) ಪದರ ಪದರವಾಗಿ ತುಂಬಿ, ಪ್ರತಿ ಪದರಕ್ಕೂ ಹೊಡೆಯಬೇಕು. ಮೇಲಿನ ಪದರ ರಸ್ತೆಗಿಂತ ಒಂಚೂರು ಎತ್ತರ ಇರಲಿ, ವಾಹನ ಓಡಿದ ಹಾಗೆ ಕೂರುತ್ತದೆ. ಒಮ್ಮೆಲೇ ತುಂಬಿ ಸಲಿಕೆಯಿಂದ ಸವರಿ ಹೋದರೆ ಅದು ಬರೀ ಫೋಟೋಕ್ಕೆ ಆಗುವ ಕೆಲಸ.

ಬೋರ್ಡಿನ ವಿಷಯ ನನಗೆ ಇನ್ನೂ ಇಷ್ಟ. ಊರಿನವರಿಗೆ ಬೋರ್ಡು ಬೇಡ. ಅದು ಬೇಕಾಗಿರುವುದು ರಾತ್ರಿ, ಮಳೆಯಲ್ಲಿ, ಮೊದಲ ಸಲ ಬರುವ ಡ್ರೈವರಿಗೆ. ಇದೊಂದನ್ನು ತಲೆಯಲ್ಲಿಟ್ಟುಕೊಂಡರೆ ಎಲ್ಲ ತೀರ್ಮಾನ ಸಲೀಸು. ಬರೀ ಪೇಂಟ್ ಕತ್ತಲಲ್ಲಿ ಕಾಣುವುದಿಲ್ಲ, ಗಾಡಿಯ ಬೆಳಕು ಬಿದ್ದರೆ ಹೊಳೆಯುವ ರಿಫ್ಲೆಕ್ಟಿವ್ ಶೀಟೇ ಬೇಕು. ತಿರುವಿನಲ್ಲೇ ಹಾಕಿದರೆ ಓದುವಷ್ಟರಲ್ಲಿ ಗಾಡಿ ಮುಂದೆ ಹೋಗಿರುತ್ತದೆ, ಹಾಗಾಗಿ ತಿರುವಿಗಿಂತ ಸಾಕಷ್ಟು ಮೊದಲೇ ಬಾಣದ ಗುರುತು ಇರಬೇಕು. ಅಕ್ಷರ ಬರೆಸುವಾಗ ಒತ್ತಕ್ಷರ ನೋಡಿಕೊಳ್ಳಿ. ‘ಲಕ್ಷ್ಮೀನಾರಾಯಣ’ ಅಂತ ಬರೆಸಿದರೆ ಕೆಳಗಿನ ಒತ್ತುಗಳು ಮುಂದಿನ ಸಾಲಿಗೆ ತಾಗಿ ಎರಡೂ ಓದಲಾಗದಂತೆ ಆಗುತ್ತವೆ. ಕನ್ನಡ ಸಾಲಿನ ಕೆಳಗೆ ಧಾರಾಳ ಜಾಗ ಬಿಟ್ಟು ಇಂಗ್ಲಿಷ್ ಸಾಲು ಹಾಕಿಸಿದೆವು. ಕೆಲವು ಕೇರಿಗೆ ಎರಡೆರಡು ಹೆಸರು ಬಳಕೆಯಲ್ಲಿತ್ತು. ಮನೆಮನೆಗೆ ಹೋಗಿ ಕೇಳಿ ಎರಡನ್ನೂ ಬರೆಸಿದೆವು, ಜಗಳ ಇಲ್ಲ. ಹಾಕುವ ಮೊದಲು ಪ್ರತಿ ಬೋರ್ಡನ್ನೂ ಕಂಬಕ್ಕೆ ಕಟ್ಟಿ, ಪರ ಊರಿನ ಒಬ್ಬ ನೆಂಟರನ್ನು ರಾತ್ರಿ ಬೈಕಿನಲ್ಲಿ ಕಳಿಸಿ ಓದಿಸಿದೆವು. ನಿಧಾನ ಮಾಡದೆ ಓದಲು ಆದರೆ ಮಾತ್ರ ಪಾಸ್.

ಕಡಲ ಗಾಳಿಯ ಉಪ್ಪು ಯಾವುದನ್ನೂ ಬಿಡುವುದಿಲ್ಲ. ಮಾಮೂಲಿ ಕಬ್ಬಿಣದ ಆಂಗಲ್ ಬಣ್ಣದೊಳಗೇ ತುಕ್ಕು ಹಿಡಿಯುತ್ತದೆ. ಅಲ್ಯೂಮಿನಿಯಂ ಹಾಳೆಗೆ ಕಬ್ಬಿಣದ ಬೋಲ್ಟ್ ಹಾಕಿದರೆ ಎರಡು ಲೋಹ ತಾಗಿದ ಜಾಗದಲ್ಲೇ ತಿನ್ನುತ್ತಾ ಹೋಗುತ್ತದೆ. ನಮ್ಮದು ಜಿಐ (ಸತುವಿನ ಲೇಪ ಇರುವ ಕಬ್ಬಿಣದ) ಪೈಪು, ಅಲ್ಯೂಮಿನಿಯಂ ಹಾಳೆ, 316 ಗ್ರೇಡಿನ ಸ್ಟೇನ್‌ಲೆಸ್ ಬೋಲ್ಟು, ನಡುವೆ ನೈಲಾನ್ ವಾಷರ್. ಬೆಲೆ ಸ್ವಲ್ಪ ಜಾಸ್ತಿ, ಆದರೆ ಅಂಗಡಿಯವರು 304 ಕೊಟ್ಟು ‘ಅದೂ ಸ್ಟೇನ್‌ಲೆಸ್ಸೇ’ ಅಂದರೆ ಒಪ್ಪಬೇಡಿ, ಕಡಲ ಬದಿಗೆ 316 ಅಂತಲೇ ಕೇಳಿ. ಪೈಪಿನ ಬುಡ ಮರಳಿನಲ್ಲಿ ನಿಲ್ಲುವುದಿಲ್ಲ, ಆಳಕ್ಕೆ ಅಗೆದು ಕಾಂಕ್ರೀಟ್ ತುಂಬಿದೆವು. ಮೇಲ್ಮೈ ಇಳಿಜಾರು ಮಾಡಿದ್ದರಿಂದ ಬುಡದಲ್ಲಿ ನೀರು ನಿಲ್ಲುವುದಿಲ್ಲ.

ಶಾಲೆಯ ತಿರುವಿನಲ್ಲಿ ಮುಂಡುಗದ (ಕೇದಗೆ ಜಾತಿಯ ಗಿಡ) ಪೊದೆ ಬೆಳೆದು ಎದುರಿನ ಗಾಡಿ ಕಾಣುತ್ತಿರಲಿಲ್ಲ. ಪೂರ್ತಿ ಕಡಿಯಿರಿ ಅಂದವರಿದ್ದರು, ನಾವು ಕೇಳಲಿಲ್ಲ. ಅದರ ಬೇರು ಮರಳು ಹಿಡಿದುಕೊಂಡಿದೆ. ತಿರುವಿನ ಒಳಬದಿಯಲ್ಲಿ ಮಾತ್ರ, ಡ್ರೈವರಿನ ಕಣ್ಣಿನ ಮಟ್ಟಕ್ಕಿಂತ ಕೆಳಗೆ ಬರುವ ಹಾಗೆ ಸವರಿದೆವು. ಅದೇ ಜಾಗದಲ್ಲಿ ಬೇಸಿಗೆಯ ಗಾಳಿಗೆ ಮರಳು ಹಾರಿ ರಸ್ತೆ ಮೇಲೆ ಹರಡುತ್ತದೆ, ಸ್ಕೂಟರು ಜಾರಲು ಅಷ್ಟು ಸಾಕು. ಅದನ್ನು ಗುಡಿಸುವ ಸರದಿ ಈಗ ಕೇರಿಗೊಂದು ವಾರದಂತೆ ನಡೆಯುತ್ತಿದೆ.

ನವರಾತ್ರಿಗೆ ಮೊದಲು ಬೋರ್ಡುಗಳಿಗೆ ಒಂದು ಸುತ್ತು ಸ್ನಾನ. ಸೋಪಿನ ನೀರು, ಮೆತ್ತನೆ ಬಟ್ಟೆ ಸಾಕು, ಉಜ್ಜುವ ಬ್ರಷ್ ಬೇಡ, ಶೀಟಿನ ಮೇಲೆ ಗೀರು ಬಿದ್ದರೆ ಹೊಳಪು ಹೋಗುತ್ತದೆ. ಆಗಲೇ ಬೋಲ್ಟುಗಳಿಗೂ ಒಂದೊಂದು ಸ್ಪ್ಯಾನರ್ ತಿರುವು ಕೊಟ್ಟು ಬರುತ್ತೇವೆ.