ರಬ್ಬರ್ ಹೋದರೆ ಲಕ್ಷ ಹೋಗುತ್ತದೆ: ಕೊಡಗಿನ ಮಳೆಯಲ್ಲಿ ಹಳೇ ಲಕ್ಷುರಿ ಎಸ್‌ಯುವಿ

2024ರಲ್ಲಿ ರೋಬಸ್ಟಾ ಕಾಫಿಗೆ ಒಳ್ಳೇ ರೇಟ್ ಬಂತು. ಆ ದುಡ್ಡಲ್ಲಿ ಬೆಂಗಳೂರಿನಿಂದ 2011ರ ಮಾಡೆಲ್ ಡೀಸೆಲ್ ಎಸ್‌ಯುವಿ ಒಂದನ್ನು ತಂದೆ. ವಿ6 ಇಂಜಿನ್, ಏರ್ ಸಸ್ಪೆನ್ಷನ್, ಸನ್‌ರೂಫ್. ಮೀಟರ್‌ನಲ್ಲಿ 1,12,000 ಕಿ.ಮೀ. ಕೊಟ್ಟದ್ದು 11 ಲಕ್ಷ. ಹೊಸದರಲ್ಲಿ ಅದರ ಬೆಲೆ ಇದರ ಎಷ್ಟೋ ಪಟ್ಟು. ಗಾಡಿಯ ಬೆಲೆ ಇಳಿದಿತ್ತು, ಆದರೆ ಸ್ಪೇರ್ ಪಾರ್ಟ್ ಬೆಲೆ ಇಳಿದಿರಲಿಲ್ಲ. ಹಳೇ ಲಕ್ಷುರಿ ಗಾಡಿ ತೆಗೆದುಕೊಳ್ಳುವವರು ಮೊದಲು ಮಾಡಬೇಕಾದ ಲೆಕ್ಕ ಇದು.

ನಮ್ಮ ತೋಟ ಸಿದ್ದಾಪುರದ ಹತ್ತಿರ. ಈ ಗಾಡಿಯ ಕಂಪನಿಗೆ ಕೊಡಗಿನಲ್ಲಿ ಸರ್ವಿಸ್ ಸೆಂಟರ್ ಇಲ್ಲ. ಅಪ್ಪನ ಜೀಪಾಗಿದ್ದರೆ ಯಾವ ಊರಲ್ಲಿ ನಿಂತರೂ ಅಲ್ಲೇ ಯಾರಾದರೂ ಸ್ಪ್ಯಾನರ್ ಹಿಡಿದು ಬರುತ್ತಿದ್ದರು. ಇದಕ್ಕೆ ಗಾಡಿಯ ಕಂಪ್ಯೂಟರಿನಿಂದ ದೋಷ ಓದುವ ಸ್ಕ್ಯಾನರ್ ಬೇಕು, ಅದನ್ನು ಓದಲು ಬರುವ ತಲೆಯೂ ಬೇಕು. ನನ್ನ ಅದೃಷ್ಟಕ್ಕೆ ಕುಶಾಲನಗರದಲ್ಲಿ ಒಬ್ಬ ಹುಡುಗ ಸಿಕ್ಕಿದ. ಬೆಂಗಳೂರಿನಲ್ಲಿ ಇಂಥ ಗಾಡಿಗಳ ಕೆಲಸವನ್ನೇ ಎಂಟು ವರ್ಷ ಮಾಡಿ, ಊರಿಗೆ ಬಂದು ಸ್ವಂತ ಗ್ಯಾರೇಜ್ ಹಾಕಿದವನು. ಅವನಿಲ್ಲದಿದ್ದರೆ ಈ ಗಾಡಿ ನನ್ನ ಹತ್ತಿರ ಇವತ್ತು ಇರುತ್ತಿರಲಿಲ್ಲ.

ಮೊದಲ ಪಾಠ ಕಲಿಸಿದ್ದು ಜುಲೈ ಮಳೆ. ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಒಳಗೆ ಒದ್ದೆ ಗೋಣಿಚೀಲದ ವಾಸನೆ. ಎಡಗಡೆ ಮುಂದಿನ ಸೀಟಿನ ಕಾರ್ಪೆಟ್ ಒತ್ತಿದೆ, ಬೆರಳ ಸಂದಿಯಲ್ಲಿ ನೀರು ಬಂತು. ಸನ್‌ರೂಫ್ ರಬ್ಬರ್ ಹೋಗಿದೆ ಅಂದುಕೊಂಡೆ. ಹುಡುಗ ನೋಡಿ, "ಅಣ್ಣ, ರಬ್ಬರ್ ಸರಿ ಇದೆ. ಡ್ರೈನ್ ಪೈಪ್ ಕಟ್ಟಿದೆ" ಅಂದ.

ಸನ್‌ರೂಫ್ ಅಂಚಿನಲ್ಲಿ ಸ್ವಲ್ಪ ನೀರು ಇಳಿದೇ ಇಳಿಯುತ್ತದೆ. ಅದನ್ನು ಹೊರಗೆ ಬಿಡಲು ನಾಲ್ಕು ಮೂಲೆಯಲ್ಲೂ ಸಣ್ಣ ಪೈಪ್ ಇರುತ್ತದೆ. ಮುಂದಿನ ಎರಡು, ಗಾಜಿನ ಪಕ್ಕದ ಕಂಬದ ಒಳಗಿಂದ ಕೆಳಗೆ ಹೋಗುತ್ತವೆ. ನಾನು ಗಾಡಿ ನಿಲ್ಲಿಸುತ್ತಿದ್ದದ್ದು ಸಿಲ್ವರ್ ಓಕ್ ಮರದ ಅಡಿ. ಅದರ ಎಲೆಯ ಚೂರು, ದೂಳು, ಪಾಚಿ ಸೇರಿ ಪೈಪಿನ ಬಾಯಿಗೆ ಬಿರಡೆ ಹಾಕಿದಂತೆ ಕೂತಿತ್ತು. ನೀರು ಉಕ್ಕಿ ಒಳಗೆ ಇಳಿದಿದೆ.

ಕಾರ್ಪೆಟ್ ಎತ್ತಿದಾಗ ನಿಜಕ್ಕೂ ಹೆದರಿಕೆಯಾಯಿತು. ಅದರ ಅಡಿ ಗಾಡಿಯ ಒಂದು ಎಲೆಕ್ಟ್ರಾನಿಕ್ ಕಂಟ್ರೋಲ್ ಯೂನಿಟ್, ಅದರ ಕನೆಕ್ಟರ್ ಪಿನ್‌ಗಳ ಮೇಲೆ ಆಗಲೇ ಹಸಿರು ಕಿಲುಬು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಂದೊಂದೇ ಪಿನ್ ಉಜ್ಜಿ ಉಳಿಸಿಕೊಂಡೆವು. ಇನ್ನೊಂದು ವಾರ ಬಿಟ್ಟಿದ್ದರೆ ಆ ಯೂನಿಟ್ ಹೋಗಿರುತ್ತಿತ್ತು. ಕಾರ್ಪೆಟ್ಟಿನ ಅಡಿಯ ದಪ್ಪ ಫೋಮ್ ಒಣಗಿಸಲು ಬಿಸಿಲಾದರೂ ಎಲ್ಲಿ? ಬಚ್ಚಲುಮನೆ ಒಲೆಯಿಂದ ಸ್ವಲ್ಪ ದೂರ ಇಟ್ಟು, ಫ್ಯಾನ್ ಹಾಕಿ, ನಾಲ್ಕು ದಿನ ಒಣಗಿಸಿದೆ.

ಪೈಪ್ ಬಿಡಿಸಿದ್ದು ಕಳೆ ಕತ್ತರಿಸುವ ಮೆಷಿನ್ನಿನ ನೈಲಾನ್ ದಾರದಿಂದ. ತೋಟದಲ್ಲಿ ಅದು ಹೇಗೂ ಇರುತ್ತದೆ ಅಲ್ವಾ? ತುದಿಯನ್ನು ಬೆಂಕಿಗೆ ಹಿಡಿದು ಗುಂಡಗೆ ಮಾಡಿ, ನಿಧಾನವಾಗಿ ತಿರುಗಿಸುತ್ತಾ ಇಳಿಸಬೇಕು. ಕಂಪ್ರೆಸರ್ ಗಾಳಿ ಜೋರಾಗಿ ಬಿಡಬೇಡಿ. ಪೈಪ್ ಒಳಗೇ ಕಳಚಿಕೊಂಡರೆ ರೂಫ್ ಲೈನಿಂಗ್ ಬಿಚ್ಚಬೇಕಾಗುತ್ತದೆ. ಈಗ ಮೇ ಕೊನೆಯಲ್ಲಿ ಒಮ್ಮೆ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಅರ್ಧ ಲೋಟ ನೀರು ಹೊಯ್ದು ನೋಡುತ್ತೇನೆ. ಕೆಳಗೆ ಚಕ್ರದ ಹತ್ತಿರ ನೀರು ಬಿದ್ದರೆ ಸರಿ ಇದೆ ಅಂತ.

ಅದೇ ಮಳೆಯಲ್ಲಿ ಡ್ಯಾಶ್‌ಬೋರ್ಡಿನಲ್ಲಿ ಒಂದರ ಹಿಂದೆ ಒಂದು ಲೈಟ್ ಬರತೊಡಗಿತು. ಎಬಿಎಸ್, ಸಸ್ಪೆನ್ಷನ್, ಸ್ಟೀರಿಂಗ್. ಎಲ್ಲವೂ ಒಟ್ಟಿಗೆ ಹಾಳಾಗುವುದು ಅಪರೂಪ. ಬ್ಯಾಟರಿ ಸೋತಿತ್ತು, ಅಷ್ಟೇ. ಹೊಸದಕ್ಕೆ ₹24,000. ಇಂಥ ಗಾಡಿಯಲ್ಲಿ ಲೈಟ್ ರಾಶಿ ಕಂಡರೆ ಮೊದಲು ಬ್ಯಾಟರಿ ವೋಲ್ಟೇಜ್ ನೋಡಿಸಿ, ಆಮೇಲೆ ಬೇರೆ ಮಾತು.

ದೊಡ್ಡ ಕಥೆ ಏರ್ ಸಸ್ಪೆನ್ಷನ್ನಿನದು. ಡಿಸೆಂಬರ್‌ನಲ್ಲಿ, ಅರೇಬಿಕಾ ಕುಯ್ಲಿನ ಹೊತ್ತಿನಲ್ಲಿ, ಬೆಳಿಗ್ಗೆ ನೋಡಿದರೆ ಮುಂದಿನ ಎಡಚಕ್ರದ ಮೇಲೆ ಗಾಡಿ ಕೂತಿರುತ್ತಿತ್ತು. ಸ್ಟಾರ್ಟ್ ಮಾಡಿದರೆ ಒಂದು ನಿಮಿಷದಲ್ಲಿ ಎದ್ದು ನಿಲ್ಲುತ್ತಿತ್ತು. ಎದ್ದು ನಿಲ್ಲುತ್ತದಲ್ಲ ಅಂತ ನಾನು ಆರು ವಾರ ಹಾಗೇ ಓಡಿಸಿದೆ. ನನಗೆ ದುಬಾರಿಯಾದ ತಪ್ಪು ಇದೊಂದೇ.

ಸ್ಪ್ರಿಂಗ್ ಬದಲು ಇಲ್ಲಿ ಗಾಳಿ ತುಂಬಿದ ರಬ್ಬರ್ ಚೀಲ ಇರುತ್ತದೆ. ಬೆಲ್ಲೋ ಅನ್ನುತ್ತಾರೆ. ವರ್ಷಗಳಾದ ಮೇಲೆ ಅದರ ಮಡಿಕೆಯಲ್ಲಿ ರಬ್ಬರ್ ಬಿರಿಯುತ್ತದೆ. ಗಾಳಿ ಸೋರಿದಷ್ಟೂ ಕಂಪ್ರೆಸರ್ ತುಂಬುತ್ತಲೇ ಇರಬೇಕು. ಅದು ಸ್ವಲ್ಪ ಹೊತ್ತು ಓಡಿ ನಿಲ್ಲಲು ಮಾಡಿದ್ದು, ಬಿಡುವಿಲ್ಲದೆ ಓಡಿದರೆ ಬಿಸಿಯಾಗಿ ಸುಟ್ಟುಹೋಗುತ್ತದೆ. ಹೀಗೆ ಒಂದು ಚೀಲದ ತೂತು ಕಂಪ್ರೆಸರನ್ನೂ ತಿನ್ನುತ್ತದೆ. ಆಮೇಲೆ ನಾನು ಕಂಡ ರಿಪೇರಿಗಳೂ ಹೆಚ್ಚುಕಮ್ಮಿ ಇದೇ ಜಾತಿಯವು. ಕಡಿಮೆ ಬೆಲೆಯದು ಮೊದಲು ಹೋಗುತ್ತದೆ, ಅದನ್ನು ಬಿಟ್ಟರೆ ದುಬಾರಿಯದನ್ನು ಜೊತೆಗೆ ಎಳೆದುಕೊಂಡು ಹೋಗುತ್ತದೆ.

ಒಂದು ದೊಡ್ಡ ಸರ್ವಿಸ್ ಸೆಂಟರ್‌ನಲ್ಲಿ ಕೇಳಿದೆ. ಮುಂದಿನ ಎರಡು ಸ್ಟ್ರಟ್ (ಬೆಲ್ಲೋ, ಶಾಕ್ ಅಬ್ಸಾರ್ಬರ್ ಒಟ್ಟಿಗಿರುವ ಭಾಗ), ಕಂಪ್ರೆಸರ್ ಸೇರಿ ₹3,40,000 ಅಂದರು. ನಮ್ಮ ಹುಡುಗ ಸ್ಪ್ರೇ ಬಾಟಲಿಗೆ ಸೋಪು ನೀರು ತುಂಬಿಕೊಂಡು ಬಂದ. ಗಾಡಿಯನ್ನು ಪೂರ್ತಿ ಮೇಲೆತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಬೆಲ್ಲೋ ಸುತ್ತ ಹೊಡೆದ. ಮೊದಲು ಏನೂ ಇಲ್ಲ. "ಸ್ವಲ್ಪ ಇಳಿಸೋಣ ಅಣ್ಣ" ಅಂದ. ಎರಡು ಇಂಚು ಇಳಿದದ್ದೇ, ಮಡಿಕೆಯ ಅಂಚಿನಲ್ಲಿ ಬಿಳಿ ನೊರೆ ಸಾಲಾಗಿ ಏಳತೊಡಗಿತು. ಸಾಸಿವೆಯಷ್ಟು ಗುಳ್ಳೆಗಳು, ಒಡೆದು ಮತ್ತೆ ಏಳುತ್ತಿದ್ದವು. ಬಲಗಡೆಯದೂ ಶುರುವಾಗಿತ್ತು. ಒಂದೇ ಎತ್ತರದಲ್ಲಿ ನೋಡಿ ಲೀಕ್ ಇಲ್ಲ ಅಂದುಬಿಡುವವರು ಜಾಸ್ತಿ, ಅದಕ್ಕೇ ಇದನ್ನು ಹೇಳುತ್ತಿದ್ದೇನೆ. ಇನ್ನೊಂದು ಮಾತು: ಸ್ಟ್ಯಾಂಡ್ ಇಲ್ಲದೆ ಇಂಥ ಗಾಡಿಯ ಅಡಿಗೆ ತಲೆ ಹಾಕಬೇಡಿ. ಗಾಳಿ ಇಳಿದರೆ ಗಾಡಿ ನಿಮ್ಮ ಮೇಲೆ ಕೂತುಬಿಡುತ್ತದೆ.

ಬೇರೆ ಕಂಪನಿಯ ಎರಡು ಬೆಲ್ಲೋ ತರಿಸಿದೆವು, ₹56,000. ನಾನು ಆರು ವಾರ ತಡ ಮಾಡಿದ್ದಕ್ಕೆ ಕಂಪ್ರೆಸರ್ ಕೂಡ ಸೋತಿತ್ತು, ಅದಕ್ಕೆ ₹38,000. ಕೂಲಿ ₹9,000. ಹುಡುಗ, ಕಂಪ್ರೆಸರನ್ನು ಆನ್-ಆಫ್ ಮಾಡುವ ₹900ರ ರಿಲೇಯನ್ನೂ ಬಿಡದೆ ಬದಲಿಸಿದ. ಹಳೇ ರಿಲೇ ಒಳಗೆ ಅಂಟಿಕೊಂಡರೆ ಹೊಸ ಕಂಪ್ರೆಸರ್ ನಿಲ್ಲದೆ ಓಡಿ ಅದೂ ಸುಡುತ್ತದೆಯಂತೆ. ಒಟ್ಟು ₹1,03,900. ಡಿಸೆಂಬರ್ ಮೊದಲ ವಾರವೇ ಹೋಗಿದ್ದರೆ ಕಂಪ್ರೆಸರ್ ಉಳಿಯುತ್ತಿತ್ತು ಅಂತ ನನಗೆ ಈಗಲೂ ಬೇಸರ.

ಮರುವರ್ಷ ಇಂಜಿನ್ನಿನ ಹಿಂಭಾಗದಿಂದ ಆಯಿಲ್ ಒಸರಲು ಶುರುವಾಯಿತು. ಈ ಇಂಜಿನ್‌ನಲ್ಲಿ ಆಯಿಲ್ ಕೂಲರ್ ಇರುವುದು ಎರಡು ಸಾಲು ಸಿಲಿಂಡರ್‌ಗಳ ನಡುವಿನ ಗುಂಡಿಯಲ್ಲಿ. ಅದರ ಸೀಲ್ ಬಿಸಿಗೆ ಗಟ್ಟಿಯಾಗಿ ಆಯಿಲ್ ಬಿಡುತ್ತದೆ. ಸೀಲ್ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ಆದರೆ ಅದರ ತನಕ ಹೋಗಲು ಟರ್ಬೊ, ಇಂಜಿನ್ನಿಗೆ ಗಾಳಿ ಒಯ್ಯುವ ಇನ್‌ಟೇಕ್ ಎಲ್ಲ ಬಿಚ್ಚಬೇಕು. ಸೀಲ್, ಗ್ಯಾಸ್ಕೆಟ್ ಸೇರಿ ₹9,500. ಆಯಿಲ್, ಫಿಲ್ಟರ್, ಕೂಲಂಟ್ ₹14,000. ಕೂಲಿ ₹28,000. ಮೂರು ದಿನ ಗಾಡಿ ಬಿಚ್ಚಿ ಇಟ್ಟಿದ್ದ, ಆ ಕೂಲಿ ನ್ಯಾಯವಾದದ್ದೇ. ಆಯಿಲ್ ಬಿದ್ದು ಇನ್‌ಟೇಕ್ ಫ್ಲ್ಯಾಪ್ ಮೋಟಾರ್ ಹಾಳಾಗಿತ್ತು, ಅದಕ್ಕೆ ₹24,000 ಬೇರೆ. ಹೊಸ ಸೀಲ್ ಹಾಕುವಾಗ ಶಾಖ ತಡೆಯುವ ವಿಟಾನ್ ರಬ್ಬರಿನದೇ ಕೇಳಿ. ಇಲ್ಲದಿದ್ದರೆ ಇದೇ ಕೂಲಿ ಇನ್ನೊಮ್ಮೆ ಕೊಡಬೇಕಾಗುತ್ತದೆ.

ಗೇರ್‌ಬಾಕ್ಸ್ ಆಯಿಲ್ ಬಗ್ಗೆಯೂ ಒಂದು ಮಾತು. ಜೀವಮಾನಕ್ಕೆ ಸಾಕು, ಬದಲಿಸುವುದೇ ಬೇಡ ಅನ್ನುವವರಿದ್ದಾರೆ. ಎಷ್ಟೋ ಲಕ್ಷುರಿ ಗಾಡಿಗಳಿಗೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಮಾಡಿಕೊಡುವ ಝಡ್‌ಎಫ್ ಕಂಪನಿಯೇ, ಓಡಿಸುವ ರೀತಿ ನೋಡಿಕೊಂಡು 80,000ರಿಂದ 1,20,000 ಕಿ.ಮೀ. ಒಳಗೆ ಬದಲಿಸಿ ಅನ್ನುತ್ತದೆ. ನನ್ನದು ಆ ಕಂಪನಿಯದಲ್ಲ, ಆದರೂ ಬದಲಿಸಿದೆ. ಫಿಲ್ಟರ್ ಸೇರಿ ₹26,000. ಮೊದಲು ಎರಡರಿಂದ ಮೂರಕ್ಕೆ ಹೋಗುವಾಗ ಸಣ್ಣ ಜಗ್ಗು ಇತ್ತು, ಅದು ನಿಂತಿತು.

ಬ್ರೇಕ್ ಇಲ್ಲಿ ಬೇಗ ಸವೆಯುತ್ತದೆ. ಎರಡು ಟನ್ನಿಗೂ ಜಾಸ್ತಿ ತೂಕದ ಗಾಡಿ, ಸಂಪಾಜೆ ಘಾಟಿ ಇಳಿಯುವುದು ಅಂದರೆ ಸುಮ್ನೆ ಅಲ್ಲ. ಮುಂದಿನ ಡಿಸ್ಕ್, ಪ್ಯಾಡ್ ಸೇರಿ ₹31,000 ಆಯಿತು. ಈಗ ಗೇರ್ ಕೈಯಲ್ಲಿ ಇಳಿಸಿಕೊಂಡು ಇಂಜಿನ್ನಿನ ಹಿಡಿತದಲ್ಲೇ ಇಳಿಯುತ್ತೇನೆ. ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ನಮ್ಮ ಹವೆಯಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು.

ಇಷ್ಟೂ ಸೇರಿ 20 ತಿಂಗಳಲ್ಲಿ ₹2,60,400. ಡೀಸೆಲ್, ಇನ್ಶೂರೆನ್ಸ್, ಮಾಮೂಲಿ ಸರ್ವಿಸ್ ಬೇರೆ. ಕಾಫಿ ಮಾರಿದ ದುಡ್ಡು ಬಂದ ದಿನವೇ ವರ್ಷಕ್ಕೆ ಒಂದೂವರೆ ಲಕ್ಷ ಬೇರೆ ಖಾತೆಗೆ ಹಾಕಿಡುತ್ತೇನೆ. ಅಷ್ಟು ತೆಗೆದಿಡಲು ಆಗದವರು ಎಷ್ಟೇ ಕಡಿಮೆಗೆ ಸಿಕ್ಕಿದರೂ ಇಂಥ ಗಾಡಿ ತೆಗೆದುಕೊಳ್ಳಬೇಡಿ ಅಂತ ನನ್ನ ಕಳಕಳಿಯ ಮಾತು.

ಹಿಂದಿನ ಎರಡು ಬೆಲ್ಲೋ ಇನ್ನೂ ಹಳೆಯವೇ. ಹೋದ ವಾರ ನಾನೇ ಸೋಪು ನೀರು ಹೊಡೆದು, ಮೂರು ಎತ್ತರದಲ್ಲೂ ನೋಡಿದೆ. ಬಲಗಡೆಯದರಲ್ಲಿ ಒಂದೇ ಒಂದು ಗುಳ್ಳೆ. ಕುಶಾಲನಗರಕ್ಕೆ ಫೋನ್ ಮಾಡಿದ್ದೇನೆ. ಮುಂದಿನ ಸೋಮವಾರ ಬರಲು ಹೇಳಿದ್ದಾನೆ.